‘ತಿಪಟೂರು’ ಅಂತ ಟೈಪ್ ಮಾಡಿದಾಗ ಒಳಗೆ ಏನಾಗುತ್ತೆ?

ಇವತ್ತಿನ ಎಪಿಸೋಡ್ ಕೇಳೋಕೆ ಮೊದಲು ಒಂದು ಸಣ್ಣ ಕೆಲಸ ಮಾಡಿ. ಫೋನ್ ತೆಗೆದು ಕನ್ನಡದಲ್ಲಿ ‘ತಿಪಟೂರು’ ಅಂತ ಟೈಪ್ ಮಾಡಿ. ಬಸ್ಸಲ್ಲಿದ್ದರೆ ಬಾಯಲ್ಲೇ ಹೇಳಿ, ಫೋನೇ ಬರೆದುಕೊಳ್ಳುತ್ತೆ. ಎರಡು ಸೆಕೆಂಡಿನ ಕೆಲಸ. ಈ ಎರಡು ಸೆಕೆಂಡಿನ ಕೆಲಸ ಸುಲಭವಾಗೋಕೆ ಸುಮಾರು ಇಪ್ಪತ್ತು ವರ್ಷ ಹಿಡೀತು. ಆ ಇಪ್ಪತ್ತು ವರ್ಷದಲ್ಲಿ ನಡೆದ ಎಡವಟ್ಟುಗಳ ಬಡ್ಡಿಯನ್ನ ನಮ್ಮ ಕಡೆಯ ತೆಂಗು ಬೆಳೆಗಾರರು ಇವತ್ತೂ ಕಟ್ಟುತ್ತಾ ಇದ್ದಾರೆ. ಹೇಗೆ ಅಂತ ಹೇಳ್ತೀನಿ.

ಮೊದಲು ಒಂದು ಮಾತು. ನಾನು ಕಂಪ್ಯೂಟರ್ ಸೈನ್ಸ್ ಓದಿದವನಲ್ಲ, ಬಿ.ಕಾಂ. ಹಾಗಾಗಿ ನನಗೆ ಎಲ್ಲಾನೂ ಲೆಕ್ಕದ ಪುಸ್ತಕದ ಥರ ಕಾಣುತ್ತೆ. ಕಂಪ್ಯೂಟರ್‌ಗೂ ಅಕ್ಷರ ಅನ್ನೋದು ಲೆಕ್ಕವೇ. ಅದಕ್ಕೆ ‘ಕ’ ಗೊತ್ತಿಲ್ಲ, ನಂಬರ್ ಗೊತ್ತು. ಯಾವ ನಂಬರ್‌ಗೆ ಯಾವ ಅಕ್ಷರ ಅಂತ ಎಲ್ಲರೂ ಸೇರಿ ಒಪ್ಪಿಕೊಂಡರೆ ಆಯಿತು. ಇಂಗ್ಲಿಷ್‌ನವರು 1960ರ ದಶಕದಲ್ಲೇ ಆಸ್ಕಿ ಅನ್ನೋ ಪಟ್ಟಿ ಮಾಡಿಕೊಂಡು ಒಪ್ಪಿಬಿಟ್ಟರು. ನಮ್ಮಲ್ಲಿ ಆಗದೇ ಇದ್ದಿದ್ದು ಅದೇ, ಒಪ್ಪಿಗೆ.

ಹಾಗಂತ ನಮ್ಮ ಹತ್ತಿರ ಪಟ್ಟಿ ಇರಲಿಲ್ಲ ಅಂತಲ್ಲ. ಭಾರತೀಯ ಭಾಷೆಗಳಿಗೆಲ್ಲ ಸೇರಿ ಇಸ್ಕಿ ಅನ್ನೋ ಶಿಷ್ಟತೆ 1988ರಲ್ಲೇ ಇತ್ತು, 1991ರಲ್ಲಿ ಭಾರತೀಯ ಮಾನಕ ಸಂಸ್ಥೆ ಅದನ್ನ ಪರಿಷ್ಕರಿಸಿ ಹೊರಡಿಸಿತು. ಪುಣೆಯ ಸಿ-ಡ್ಯಾಕ್ ‘ಜಿಸ್ಟ್ ಕಾರ್ಡ್’ ಅಂತ ಒಂದು ಕಾರ್ಡ್ ಮಾಡಿತ್ತು. ಅದನ್ನ ಕಂಪ್ಯೂಟರ್ ಒಳಗೆ ಕೂರಿಸಿದರೆ ಡಾಸ್ ಪರದೆ ಮೇಲೂ ಭಾರತೀಯ ಭಾಷೆಗಳು ಬರುತ್ತಿದ್ದವು. ಅದೇ 1991ರಲ್ಲಿ ಯುನಿಕೋಡ್‌ನ ಮೊದಲ ಆವೃತ್ತಿ ಬಂತು, ಅದರಲ್ಲೂ ಕನ್ನಡಕ್ಕೆ 128 ಮನೆ ಕೊಟ್ಟಿದ್ದರು. ‘ಕ’ ಅಕ್ಷರದ ನಂಬರ್ 3221. ಅಂದರೆ ಜಾಗ ಕಾಯ್ದಿರಿಸಿ ಆಗಿತ್ತು. ಆದರೆ ಆ ಜಾಗಕ್ಕೆ ಹೋಗೋ ಬಸ್ಸೇ ಇರಲಿಲ್ಲ. ಮಾಮೂಲಿ ವಿಂಡೋಸ್‌ನಲ್ಲಿ ಕನ್ನಡದ ಯುನಿಕೋಡ್ ಬರೋಕೆ 2001ರ ಎಕ್ಸ್‌ಪಿ ತನಕ ಕಾಯಬೇಕಾಯಿತು. ಆ ಎಕ್ಸ್‌ಪಿ ಜೊತೆ ಬಂದ ಕನ್ನಡ ಫಾಂಟಿನ ಹೆಸರು ‘ತುಂಗಾ’.

ಮಧ್ಯದ ಆ ಹತ್ತು ವರ್ಷ ಲಗ್ನಪತ್ರಿಕೆ ನಿಲ್ಲುತ್ತಾ? ಚುನಾವಣೆ ಪಾಂಪ್ಲೆಟ್ ನಿಲ್ಲುತ್ತಾ? ಪೇಪರ್ ನಿಲ್ಲುತ್ತಾ? ಇಲ್ಲಿ ಶುರುವಾಗಿದ್ದು ಜುಗಾಡ್.

ಜುಗಾಡ್ ಏನು ಅಂದರೆ, ವೇಷ. ಕಂಪ್ಯೂಟರ್‌ಗೆ ನಾನು ಇಂಗ್ಲಿಷ್ ಬರೀತಾ ಇದ್ದೀನಿ ಅಂತ ಸುಳ್ಳು ಹೇಳೋದು. ಫೈಲಿನಲ್ಲಿ ಉಳಿಯೋದು ಇಂಗ್ಲಿಷ್ ಅಕ್ಷರದ ನಂಬರ್, ಅಥವಾ ಯುರೋಪಿನ ಯಾವುದೋ ಭಾಷೆಯ ಟೋಪಿ ಹಾಕಿದ ಅಕ್ಷರದ ನಂಬರ್. ಆದರೆ ಫಾಂಟಿನ ಒಳಗೆ ಆ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಬರೆದಿಟ್ಟರೆ, ಪರದೆ ಮೇಲೆ ಕನ್ನಡ ಕಾಣುತ್ತೆ. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಹೋದ ತಕ್ಷಣ ವೇಷ ಕಳಚಿ ಬೀಳುತ್ತೆ. ನಿಮ್ಮ ವಾಟ್ಸಾಪ್‌ಗೆ ಯಾರೋ ಹಳೇ ವರ್ಡ್ ಫೈಲ್ ಕಳಿಸಿದಾಗ ಕೊಂಬು, ಟೋಪಿ, ಬಾಲ ಇರೋ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತಲ್ಲ, ವೈರಸ್ ಬಂತು ಅಂದುಕೊಂಡು ಡಿಲೀಟ್ ಮಾಡ್ತೀರಲ್ಲ, ಅದು ವೈರಸ್ ಅಲ್ಲ. ಅದು ವೇಷ ಕಳಚಿದ ಕನ್ನಡ.

ಇನ್ನೂ ಒಂದು ತೊಡಕಿತ್ತು. ಆ ಫಾಂಟಿನಲ್ಲಿ ಇರೋದು ಹೆಚ್ಚೆಂದರೆ 256 ಮನೆ, ಅದರಲ್ಲೂ ಎಲ್ಲಾ ಬಳಸೋಕೆ ಆಗಲ್ಲ. ಕನ್ನಡದ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿಸಿದರೆ ಎಷ್ಟಾಯಿತು ನೀವೇ ಲೆಕ್ಕ ಹಾಕಿ. ಅದಕ್ಕೆ ಅಕ್ಷರಗಳನ್ನ ತುಂಡು ಮಾಡಿದರು. ತಲೆಕಟ್ಟು ಬೇರೆ, ಕೊಂಬು ಬೇರೆ, ಒತ್ತು ಬೇರೆ. ತುಂಡುಗಳನ್ನ ಪಕ್ಕಪಕ್ಕ ಜೋಡಿಸಿದರೆ ಅಕ್ಷರ. ಕಣ್ಣಿಗೆ ಚೆಂದ. ಆದರೆ ಕಂಪ್ಯೂಟರ್‌ಗೆ ಅದು ಅಕ್ಷರವೇ ಅಲ್ಲ, ಹುಡುಕೋಕೆ ಬರಲ್ಲ, ಅಕಾರಾದಿಯಾಗಿ ಜೋಡಿಸೋಕೆ ಬರಲ್ಲ. ‘ಕರ್ನಾಟಕ’ ಅನ್ನೋ ಪದವನ್ನೇ ತಗೊಳ್ಳಿ. ಬಾಯಲ್ಲಿ ಹೇಳುವಾಗ ರ್ ಮೊದಲು, ನಾ ಆಮೇಲೆ. ಕಣ್ಣಿಗೆ ಕಾಣುವಾಗ ಅರ್ಕಾವೊತ್ತು ‘ನಾ’ ಆದಮೇಲೆ ಬರುತ್ತೆ. ಯುನಿಕೋಡ್ ಬಾಯಿಯ ಮಾತು ಕೇಳುತ್ತೆ, ರ್ ಮೊದಲು ಇಡುತ್ತೆ. ಹಳೇ ಫಾಂಟ್ ಕಣ್ಣಿನ ಮಾತು ಕೇಳುತ್ತೆ, ಅರ್ಕಾವೊತ್ತಿನ ತುಂಡನ್ನ ಆಮೇಲೆ ಇಡುತ್ತೆ.

ಈಗ ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಮನುಷ್ಯ ಬರ್ತಾರೆ. ಕೆ.ಪಿ. ರಾವ್. ಕಿನ್ನಿಕಂಬಳ ಪದ್ಮನಾಭ ರಾವ್, ಮಂಗಳೂರು ಹತ್ತಿರದ ಕಿನ್ನಿಕಂಬಳದವರು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು, ಆಮೇಲೆ ಮುದ್ರಣದ ಅಕ್ಷರ ಮಾಡುವ ಮಾನೋಟೈಪ್ ಕಂಪನಿಯಲ್ಲಿದ್ದವರು. ಅವರು ಒಂದು ಕೀಲಿಮಣೆ ವಿನ್ಯಾಸ ಮಾಡಿದರು. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು ‘ಸೇಡಿಯಾಪು’ ಅಂತ ತಂತ್ರಾಂಶ ಮಾಡಿ ಪುಕ್ಕಟೆ ಹಂಚಿದರು. ಇವತ್ತು ಕನ್ನಡ ಡಿಟಿಪಿ ಮಾಡೋ ಯಾರನ್ನೇ ಕೇಳಿ, ಬೆರಳಲ್ಲಿ ಕೂತಿರೋದು ಆ ವಿನ್ಯಾಸವೇ. ಸರ್ಕಾರ ಅದನ್ನೇ ಶಿಷ್ಟತೆ ಮಾಡಿಕೊಂಡಿತು, ನುಡಿ ತಂತ್ರಾಂಶದಲ್ಲಿ ಇರೋದೂ ಅದೇ. 2013ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತು.

ಅದರಲ್ಲಿ ಅಂಥದ್ದೇನಿದೆ? ಟೈಪ್‌ರೈಟರ್‌ನಲ್ಲಿ ಕನ್ನಡ ಹೊಡೆದವರನ್ನ ಕೇಳಿ ನೋಡಿ, ಅಲ್ಲಿ ತಲೆಕಟ್ಟು, ಕೊಂಬು, ಒತ್ತು ಎಲ್ಲಾನೂ ಬೇರೆ ಬೇರೆ ಹೊಡೀಬೇಕು. ರಾವ್ ಅದನ್ನೆಲ್ಲ ಎತ್ತಿ ಬಿಸಾಕಿ, ಇಂಗ್ಲಿಷ್‌ನ 26 ಕೀಲಿಗಳಲ್ಲೇ ಇಡೀ ಕನ್ನಡ ಕೂರಿಸಿದರು. ನೀವು ಹೊಡೆಯೋದು ಆಕಾರ ಅಲ್ಲ, ಧ್ವನಿ. ‘ತಿಪಟೂರು’ ಬೇಕಾ? ಟಿ, ಐ, ಪಿ, ಕ್ಯೂ, ಶಿಫ್ಟ್ ಹಿಡಿದು ಯು, ಆರ್, ಯು. ಏಳು ಕೀಲಿ. ‘ಕೊಬ್ಬರಿ’ ಬೇಕಾ? ಕೆ, ಒ, ಬಿ, ಎಫ್, ಬಿ, ಆರ್, ಐ. ಆ ಮಧ್ಯದ ಎಫ್ ಇದೆಯಲ್ಲ, ಅದೇ ಮಜಾ. ಎರಡು ವ್ಯಂಜನಗಳ ಮಧ್ಯೆ ಎಫ್ ಹಾಕಿದರೆ ಒತ್ತು ತಾನೇ ಬಂದು ಕೂರುತ್ತೆ. ಯಾವ ಅಕ್ಷರಕ್ಕೆ ಯಾವ ಒತ್ತಿನ ಆಕಾರ ಅಂತ ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ, ಅದು ಕಂಪ್ಯೂಟರ್ ಕೆಲಸ.

ಈಗ ನೀವು ಶುರುವಲ್ಲಿ ಫೋನಲ್ಲಿ ಟೈಪ್ ಮಾಡಿದ ‘ತಿಪಟೂರು’ ಇದೆಯಲ್ಲ, ಯುನಿಕೋಡ್‌ನಲ್ಲಿ ಅದು ಎಷ್ಟು ನಂಬರ್ ಗೊತ್ತಾ? ತ, ಗುಡಿಸು, ಪ, ಟ, ಊ ಸ್ವರದ ಚಿಹ್ನೆ, ರ, ಉ ಸ್ವರದ ಚಿಹ್ನೆ. ಏಳು. ಅದೇ ಏಳು, ಅದೇ ಕ್ರಮ. ಕಾಕತಾಳೀಯ ಅಲ್ಲ. ಎರಡೂ ಒಂದೇ ಯೋಚನೆಯಿಂದ ಬಂದಿದ್ದು, ಬಾಯಿ ಹೇಳಿದ ಕ್ರಮದಲ್ಲಿ ಬರೆದುಕೊಳ್ಳೋದು. ಅಂದರೆ ಡಿಟಿಪಿ ಅಂಗಡಿಯ ಹುಡುಗ ತೊಂಬತ್ತರ ದಶಕದಲ್ಲೇ ಸರಿಯಾದ ಕ್ರಮದಲ್ಲಿ ಹೊಡೀತಾ ಇದ್ದ. ಆದರೆ ಅವನು ಹೊಡೆದ ಸರಿಯಾದ ಕ್ರಮವನ್ನ ತಂತ್ರಾಂಶ ತಕ್ಷಣ ತುಂಡುಗಳಾಗಿ ಒಡೆದು ಫೈಲಿಗೆ ಹಾಕುತ್ತಿತ್ತು. ಬೆರಳು ಸರಿ ಇತ್ತು, ಫೈಲು ತಪ್ಪಿತ್ತು. ನನ್ನ ಪ್ರಕಾರ ಕನ್ನಡ ಕಂಪ್ಯೂಟರ್ ಇತಿಹಾಸದಲ್ಲಿ ಇದಕ್ಕಿಂತ ಹೊಟ್ಟೆ ಉರಿಸೋ ವಿಷಯ ಇನ್ನೊಂದಿಲ್ಲ.

1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ‘ಬರಹ’ ಬಿಟ್ಟರು. ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಹೊಡೆದರೆ ಕನ್ನಡ ಬರೋ ಥರದ್ದು. ಅಮೆರಿಕದಲ್ಲಿದ್ದ ಕನ್ನಡದವರು ಮನೆಗೆ ಕನ್ನಡದಲ್ಲಿ ಬರೆಯೋಕೆ ಶುರುಮಾಡಿದ್ದೇ ಅದರಿಂದ. ಆಮೇಲೆ ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕೆ ‘ನುಡಿ’ ಮಾಡಿಕೊಟ್ಟಿತು. ಅದೂ ಉಚಿತ. ಇದೆಲ್ಲದರ ಬಗ್ಗೆ ಆಗ ಜಗಳಗಳೂ ಜೋರಾಗೇ ನಡೆದವು. ಪೂರ್ಣಚಂದ್ರ ತೇಜಸ್ವಿಯಂಥವರು ಮೂಡಿಗೆರೆಯಲ್ಲಿ ಕೂತು ಕನ್ನಡ ತಂತ್ರಾಂಶದ ಬಗ್ಗೆ ಸರ್ಕಾರವನ್ನ ತರಾಟೆಗೆ ತಗೊಂಡಿದ್ದರು. ಆ ಜಗಳದ ಬಗ್ಗೆ ಬೇರೆ ಎಪಿಸೋಡೇ ಮಾಡಬೇಕು, ಇಲ್ಲಿ ಬೇಡ.

ಇನ್ನೊಂದು ಕಡೆ ಡಿಟಿಪಿ ಅಂಗಡಿಗಳ ಪ್ರಾಣವಾಗಿದ್ದ ಪೇಜ್‌ಮೇಕರ್. ಅದರ ಕೊನೇ ಆವೃತ್ತಿ, 7.0, ಬಂದಿದ್ದು 2001ರಲ್ಲಿ. ಅದೇ ವರ್ಷ ವಿಂಡೋಸ್‌ಗೆ ಕನ್ನಡ ಯುನಿಕೋಡ್ ಬಂತು. ಪೇಜ್‌ಮೇಕರ್‌ಗೆ ಮಾತ್ರ ಅದು ಕೊನೇವರೆಗೂ ಬರಲಿಲ್ಲ. ಅಂಗಡಿಯವರು ಪೇಜ್‌ಮೇಕರ್ ಬಿಡಲಿಲ್ಲ, ಪೇಜ್‌ಮೇಕರ್ ನುಡಿಯ ಹಳೇ ಫಾಂಟ್ ಬಿಡಲಿಲ್ಲ. ಯುನಿಕೋಡ್ ಬಂದು ವರ್ಷಗಳಾದಮೇಲೂ ವೇಷದ ಕನ್ನಡವೇ ಓಡಿತು. ಇದಕ್ಕೆ ಅಂಗಡಿಯವರನ್ನ ಬೈಯೋರಿದ್ದಾರೆ. ನಾನು ಬೈಯಲ್ಲ. ಗಿರಾಕಿ ಎದುರು ನಿಂತು ಇವತ್ತು ಸಂಜೆಗೆ ಇನ್ನೂರು ಪತ್ರಿಕೆ ಬೇಕು ಅಂದಾಗ ಶಿಷ್ಟತೆ ಅಂತ ಕೂರೋಕಾಗುತ್ತಾ? ಕನ್ನಡವನ್ನ ಹದಿನೈದು ವರ್ಷ ಕಂಪ್ಯೂಟರ್ ಮೇಲೆ ಜೀವಂತ ಇಟ್ಟಿದ್ದು ಬಸ್‌ಸ್ಟ್ಯಾಂಡ್ ಪಕ್ಕದ ಆ ಹತ್ತಡಿ ಅಂಗಡಿಗಳೇ.

ಸರಿ, ಈಗ ತೋಟಕ್ಕೆ ಬರೋಣ.

ಕನ್ನಡದಲ್ಲಿ ಕಂಪ್ಯೂಟರ್ ಮಾಡಿದ ಅತಿ ದೊಡ್ಡ ಕೆಲಸ ಕಥೆ ಕವನ ಅಲ್ಲ, ಪಹಣಿ. ಭೂಮಿ ಯೋಜನೆ. 2000ದ ಆಸುಪಾಸಿನಲ್ಲಿ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳತ್ವದಲ್ಲಿ, ಎನ್‌ಐಸಿ ತಂತ್ರಾಂಶದಲ್ಲಿ, ರಾಜ್ಯದ ಸುಮಾರು 2 ಕೋಟಿ ಪಹಣಿ ದಾಖಲೆಗಳನ್ನ ಕಂಪ್ಯೂಟರ್‌ಗೆ ಹಾಕಿದರು. ಸುಮಾರು 67 ಲಕ್ಷ ಭೂಮಾಲೀಕರ ಲೆಕ್ಕ. ತಾಲ್ಲೂಕು ಕಚೇರಿಯಲ್ಲಿ ಕಿಯಾಸ್ಕ್ ಇಟ್ಟು, 15 ರೂಪಾಯಿ ಕೊಟ್ಟರೆ ಪಹಣಿ ಪ್ರಿಂಟ್. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕು ಕಚೇರಿಗಳಲ್ಲಿ ಆ ಕಿಟಕಿ ಎದುರು ನಿಂತ ಕ್ಯೂ ನೆನಪಿರೋರು ಈಗ ನಿಮ್ಮ ಅಪ್ಪಅಮ್ಮಂದಿರು. ಅದಕ್ಕೆ ಮೊದಲು ಪಹಣಿ ಅಂದರೆ ಗ್ರಾಮ ಲೆಕ್ಕಿಗರ ಕೈಬರಹ. ಅವರು ಸಿಗಬೇಕು, ಪುಸ್ತಕ ಸಿಗಬೇಕು, ಅವರ ಮನಸ್ಸು ಚೆನ್ನಾಗಿರಬೇಕು. ಭೂಮಿ ಬಂದಮೇಲೆ ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ತಿದ್ದುವ ಅಧಿಕಾರಿಯ ಬೆರಳಚ್ಚು ಇಲ್ಲದೆ ದಾಖಲೆ ತೆರೆಯದ ಹಾಗೆ ಮಾಡಿದರು. ಅದು ಆಗಿನ ಕಾಲಕ್ಕೆ ದೊಡ್ಡ ವಿಷಯ, ವಿಶ್ವಬ್ಯಾಂಕ್‌ನವರೆಲ್ಲ ಬಂದು ಬರೆದುಕೊಂಡು ಹೋದರು.

ಭೂಮಿಯನ್ನ ಹೊಗಳೋದು ಸುಲಭ. ನಾನೂ ಹೊಗಳ್ತೀನಿ. ಆದರೆ ಹೊಗಳಿಕೆಯಲ್ಲಿ ಒಂದು ಬಿಟ್ಟುಹೋಗುತ್ತೆ. ಕಂಪ್ಯೂಟರ್‌ಗೆ ಹಾಕುವಾಗ ಪುಸ್ತಕದಲ್ಲಿ ಇದ್ದದ್ದನ್ನ ಇದ್ದ ಹಾಗೇ ಹಾಕಿದರು. ಕಾಲಂ 9ರಲ್ಲಿ ಮಾಲೀಕರ ಹೆಸರು, ಕಾಲಂ 11ರಲ್ಲಿ ಸಾಲಸೋಲ, ಹಕ್ಕು. ಆ ಕಾಲಂ 9ರಲ್ಲಿ ಶಾನುಭೋಗರ ಕಾಲದಿಂದ ಬಂದ ಹೆಸರುಗಳು. ಶಾನುಭೋಗಿಕೆ 1961ರ ಕಾಯ್ದೆಯಲ್ಲಿ ರದ್ದಾಯಿತು, ಆದರೆ ಅವರು ಬರೆದ ಹೆಸರುಗಳು ರದ್ದಾಗಲಿಲ್ಲ. ‘ಮರಿಯಪ್ಪ ಬಿನ್ ಸಿದ್ದಪ್ಪ’. ಆ ‘ಬಿನ್’ ಅರಬ್ಬಿ ಪದ, ಮಗ ಅಂತ. ತಹಶೀಲ್ದಾರ್, ಜಮಾಬಂದಿ ಜೊತೆ ಆಡಳಿತದ ದಾರೀಲಿ ಬಂದಿದ್ದು. ನಮ್ಮ ಕಡೆ ಎಷ್ಟು ಜನ ಮರಿಯಪ್ಪ, ಎಷ್ಟು ಜನ ಸಿದ್ದಪ್ಪ! ಮನೆ ಹೆಸರಿಲ್ಲ, ಇನಿಶಿಯಲ್ ಇಲ್ಲ. ಊರೊಳಗೆ ಎಲ್ಲರಿಗೂ ಗೊತ್ತು ಯಾವ ಮರಿಯಪ್ಪ ಅಂತ. ಪುಸ್ತಕ ಇರೋವರೆಗೂ ಅದು ನಡೆಯಿತು, ಯಾಕಂದರೆ ಪುಸ್ತಕ ಓದುತ್ತಿದ್ದದ್ದು ಊರು ಗೊತ್ತಿದ್ದ ಮನುಷ್ಯ.

ಕಂಪ್ಯೂಟರ್‌ಗೆ ಊರು ಗೊತ್ತಿಲ್ಲ. ಅದಕ್ಕೆ ‘ಸಿದ್ದಪ್ಪ’ ಬೇರೆ, ‘ಸಿದ್ಧಪ್ಪ’ ಬೇರೆ. ‘ಲಿಂಗಯ್ಯ’ ಬೇರೆ, ‘ಲಿಂಗಪ್ಪ’ ಬೇರೆ. ಕೈಬರಹದಲ್ಲಿ ಒಂದು ಸೀಳು ಮಸುಕಾಗಿದ್ದರೆ ಓದೋನು ಅರ್ಥ ಮಾಡಿಕೊಳ್ಳುತ್ತಿದ್ದ. ಟೈಪ್ ಆದಮೇಲೆ ಅದು ಕಲ್ಲಿನ ಶಾಸನ. ಕಂಪ್ಯೂಟರ್ ದಾಖಲೆಗಳನ್ನ ಸರಿ ಮಾಡಿತು ಅಂತ ಹೇಳೋರ ಜೊತೆ ನನ್ನ ತಕರಾರು ಇದೇ. ಅದು ಸರಿಯನ್ನೂ ತಪ್ಪನ್ನೂ ಒಂದೇ ಗಮ್ ಹಾಕಿ ಅಂಟಿಸಿತು.

ಅಲ್ಲಿಗೇ ನಿಂತಿದ್ದರೆ ಪರವಾಗಿಲ್ಲ. 2010ರ ಆಮೇಲೆ ಆಧಾರ್ ಬಂತು. ಅದರಲ್ಲಿ ಹೆಸರು ಇಂಗ್ಲಿಷ್‌ನಲ್ಲೂ ಕನ್ನಡದಲ್ಲೂ ಇರುತ್ತೆ. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇಂಗ್ಲಿಷ್, ಪಹಣಿಯಲ್ಲಿ ಕನ್ನಡ. ಕನ್ನಡದ ಹೆಸರನ್ನ ಇಂಗ್ಲಿಷ್‌ನಲ್ಲಿ ಬರೆಯೋಕೆ ಒಂದು ನಿಯಮ ಅಂತ ನಮ್ಮಲ್ಲಿ ಯಾವತ್ತೂ ಇಲ್ಲ. ಜನರ ಹೆಸರು ಬಿಡಿ, ಊರಿನ ಹೆಸರೇ ನೋಡಿ. 2014ರ ನವೆಂಬರ್ 1ಕ್ಕೆ ಸರ್ಕಾರ 12 ಊರುಗಳ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಿಸಿತು. ತುಮ್ಕೂರ್ ಹೋಗಿ ತುಮಕೂರು ಆಯಿತು. ಆದರೆ ತಿಪಟೂರು ಇಂಗ್ಲಿಷ್‌ನಲ್ಲಿ ಇನ್ನೂ ‘ಟಿಪ್ಟೂರ್’. ಚಿಕ್ಕನಾಯಕನಹಳ್ಳಿಯನ್ನ ಬೋರ್ಡುಗಳಲ್ಲಿ ಎಷ್ಟು ಥರ ಬರೀತಾರೆ ಅಂತ ಎಣಿಸೋದು ನಮಗೆ ಬಸ್ಸಲ್ಲಿ ಟೈಮ್‌ಪಾಸ್. ಪದಗಳ ವಿಷಯದಲ್ಲಿ ಕೂದಲು ಸೀಳೋ ವಿದ್ವಾಂಸ ತೀ.ನಂ. ಶ್ರೀಕಂಠಯ್ಯನವರು ಅದೇ ತಾಲ್ಲೂಕಿನ ತೀರ್ಥಪುರದವರು ಅನ್ನೋದು ಇನ್ನೊಂದು ತಮಾಷೆ.

ಈಗ ಇವೆಲ್ಲ ಸೇರೋ ಜಾಗ ಫ್ರೂಟ್ಸ್. ರೈತರ ನೋಂದಣಿ ತಂತ್ರಾಂಶ. ಪಹಣಿ, ಆಧಾರ್, ಬ್ಯಾಂಕ್ ಖಾತೆ ಮೂರೂ ಅಲ್ಲಿ ಕೈಕೈ ಹಿಡೀಬೇಕು. ಹಿಡಿದರೆ ಒಂದು ಎಫ್‌ಐಡಿ ನಂಬರ್. ಆ ನಂಬರ್ ಇದ್ದರೆ ಬೆಂಬಲ ಬೆಲೆಗೆ ಕೊಬ್ಬರಿ ಮಾರೋಕೆ ನೋಂದಣಿ.

ಕೊಬ್ಬರಿ ಬಗ್ಗೆ ಗೊತ್ತಿಲ್ಲದೇ ಇರೋ ಕೇಳುಗರಿಗೆ ಒಂದು ಮಾತು. ತಿಪಟೂರಿನದು ಉಂಡೆ ಕೊಬ್ಬರಿ. ಬಲಿತ ತೆಂಗಿನಕಾಯಿಯನ್ನ ಅಟ್ಟದ ಮೇಲೆ ಎಂಟು ಹತ್ತು ತಿಂಗಳು, ಕೆಲವು ಸಲ ಒಂದು ವರ್ಷ ಹಾಗೇ ಬಿಡ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅಂತ ಅಲ್ಲಾಡಬೇಕು. ಅಂದರೆ ಇವತ್ತು ಕಿತ್ತ ಕಾಯಿಯ ದುಡ್ಡು ಕಾಣೋದು ಮುಂದಿನ ವರ್ಷ. ಅಷ್ಟು ದಿನ ಕಾದು ಮಾರುಕಟ್ಟೆಗೆ ತಂದಾಗ 2023ರಲ್ಲಿ ಬೆಲೆ ನೆಲ ಕಚ್ಚಿತ್ತು, ಆಗಿನ 11,750 ರೂಪಾಯಿ ಬೆಂಬಲ ಬೆಲೆಗಿಂತ ಎಷ್ಟೋ ಕೆಳಗೆ. 2024ಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000, ಅದರ ಮೇಲೆ ರಾಜ್ಯದ ಪ್ರೋತ್ಸಾಹಧನ 1,500. ಮಾರುಕಟ್ಟೆಗೂ ಇದಕ್ಕೂ ಇದ್ದ ವ್ಯತ್ಯಾಸ ಒಂದು ಮನೆಯ ವರ್ಷದ ಫೀಸು, ಔಷಧಿ, ಸಾಲದ ಕಂತು. ಜನ ರಾತ್ರಿಯೆಲ್ಲ ನೋಂದಣಿ ಕೇಂದ್ರದ ಎದುರು ಕೂತರು. ಅಕ್ರಮ ನೋಂದಣಿ ದೂರು ಬಂದು ಮತ್ತೆ ಮೊದಲಿಂದ ನೋಂದಣಿಯೂ ಆಯಿತು. ಅಂಥ ಕ್ಯೂನಲ್ಲಿ ನಿಂತು ಕಿಟಕಿ ಹತ್ತಿರ ಬಂದಾಗ, ಹೆಸರು ಮ್ಯಾಚ್ ಆಗ್ತಿಲ್ಲ ಅಂತ ಹೇಳಿದರೆ? ಅಥವಾ ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲಿದೆ, ಪೌತಿ ಖಾತೆ ಮಾಡಿಸಿಕೊಂಡು ಬನ್ನಿ ಅಂದರೆ? ತೋಟ ಇವರದ್ದೇ, ಮರ ಹತ್ತಿಸಿದ್ದು ಇವರೇ, ಕಾಯಿ ಇವರ ಅಟ್ಟದ ಮೇಲಿದ್ದದ್ದೇ. ಆದರೆ ಒಂದು ಅಕ್ಷರ ಇವರದ್ದಲ್ಲ.

ತಪ್ಪು ಯಾರದ್ದು ಅಂತ ಹುಡುಕಿದರೆ ಒಬ್ಬರೂ ಸಿಗಲ್ಲ. ಶಾನುಭೋಗರು ಸರಿಯಾಗೇ ಬರೆದರು, ಡೇಟಾ ಎಂಟ್ರಿ ಹುಡುಗ ಕಂಡದ್ದನ್ನ ಹೊಡೆದ, ಆಧಾರ್ ಸೆಂಟರ್‌ನವನು ಕೇಳಿದ್ದನ್ನ ಬರೆದ. ಈಗ ಪಹಣಿಗೆ ಆಧಾರ್ ಜೋಡಿಸೋ ಕೆಲಸ 2024ರಿಂದ ಜೋರಾಗಿ ನಡೆದಿದೆ, ಹಳೇ ದಾಖಲೆಗಳ ಸ್ಕ್ಯಾನಿಂಗೂ ಶುರುವಾಗಿದೆ. ಒಳ್ಳೇದೇ. ಆದರೆ ಇದನ್ನ ಮಾಡಬೇಕಾದ ಗ್ರಾಮ ಆಡಳಿತ ಅಧಿಕಾರಿಗಳು 2024ರ ಸೆಪ್ಟೆಂಬರ್‌ನಲ್ಲಿ ಮುಷ್ಕರ ಕೂತರು. ಅವರ ದೂರುಗಳಲ್ಲಿ ಒಂದು, ಕೆಲಸಕ್ಕೊಂದು ಆಪ್, ಅದನ್ನೆಲ್ಲ ಓಡಿಸೋಕೆ ಬೇಕಾದ ಸಲಕರಣೆ ಇಲ್ಲ ಅನ್ನೋದು. ನಾವು ಹಳೇ ಕಂಪ್ಯೂಟರ್ ನೋಡಿ ನಗ್ತೀವಿ. ಭೂಮಿಯ ಕಿಯಾಸ್ಕ್‌ನಲ್ಲಿ ಒಂದೇ ತಂತ್ರಾಂಶ ಇತ್ತು, ಒಂದೇ ಕೆಲಸ ಮಾಡುತ್ತಿತ್ತು, ಒಬ್ಬ ಮನುಷ್ಯ ಎದುರಿಗಿರುತ್ತಿದ್ದ. ಅದು ನನಗೆ ಕಡಿಮೆ ಅನಿಸಲ್ಲ.

ಮಾರುಕಟ್ಟೆಯ ಕಡೆ ಮಾತ್ರ ನಾನು ಹೊಸದರ ಪಕ್ಷ. ಚೀಟಿ ಟೆಂಡರ್ ಕಾಲದಲ್ಲಿ ವರ್ತಕರು ಲಾಟ್ ನೋಡಿ ಚೀಟಿಯಲ್ಲಿ ದರ ಬರೆದು ಪೆಟ್ಟಿಗೆಗೆ ಹಾಕೋರು. 2014ರಲ್ಲಿ ಕರ್ನಾಟಕ ಏಕೀಕೃತ ಮಾರುಕಟ್ಟೆ ವೇದಿಕೆ ಶುರುಮಾಡಿತು, ತಿಪಟೂರಿನ ಕೊಬ್ಬರಿಯೂ ಪರದೆ ಮೇಲೆ ಬಂತು. ಈಗ ದರ ಕಂಪ್ಯೂಟರ್‌ಗೆ ಹಾಕ್ತಾರೆ, ಹೆಚ್ಚು ಬರೆದವರಿಗೆ ಲಾಟ್, ರೈತರ ಮೊಬೈಲ್‌ಗೆ ಸಂದೇಶ. ದರ ಒಪ್ಪಿಗೆಯಾಗದಿದ್ದರೆ ಬೇಡ ಅನ್ನೋ ಹಕ್ಕು ರೈತರಿಗಿದೆ.

ಆ ಸಂದೇಶದಲ್ಲೂ ಒಂದು ಕಥೆ ಇದೆ. ಬ್ಯಾಂಕಿನಿಂದ, ಕಂಪನಿಗಳಿಂದ ಬರೋ ಎಸ್‌ಎಂಎಸ್ ಯಾಕೆ ಹೆಚ್ಚಾಗಿ ಇಂಗ್ಲಿಷ್‌ನಲ್ಲೇ ಇರುತ್ತೆ? ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷ್ ಆದರೆ 160 ಅಕ್ಷರ ಹಿಡಿಯುತ್ತೆ, ಕನ್ನಡ ಆದರೆ 70. ಅದರಲ್ಲೂ ಗುಡಿಸು, ಕೊಂಬು, ಒತ್ತು ಎಲ್ಲಾನೂ ಬೇರೆ ಬೇರೆ ಲೆಕ್ಕ. ನಮ್ಮ ‘ತಿಪಟೂರು’ ಒಂದೇ ಏಳು ತಿಂದುಹಾಕುತ್ತೆ. ಒಂದು ಸಂದೇಶ ಎರಡಾಗುತ್ತೆ, ಖರ್ಚೂ ಎರಡಾಗುತ್ತೆ. ಕಾಮರ್ಸ್ ಓದಿದವನಾಗಿ ನನಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಕನ್ನಡದ ಮೇಲೆ ದ್ವೇಷ ಇರಬೇಕಾಗಿಲ್ಲ, ಬಿಲ್ಲು ನೋಡಿದರೆ ಸಾಕು. ಮಂಡಿಗಳ ಲೆಕ್ಕದ ಪುಸ್ತಕಕ್ಕೂ ಆದದ್ದು ಇದೇ ಅಂತ ನನ್ನ ಅಭಿಪ್ರಾಯ. ಕೆಂಪು ಬಟ್ಟೆ ರಟ್ಟಿನ ಪುಸ್ತಕದಲ್ಲಿ ಕನ್ನಡದಲ್ಲಿದ್ದ ರೈತರ ಹೆಸರು, ಟ್ಯಾಲಿ ಬಂದಮೇಲೆ ಇಂಗ್ಲಿಷ್ ಆಯಿತು. ಆಗ ಕನ್ನಡ ಹೊಡೆಯೋದು ಕಷ್ಟ ಇತ್ತು, ಅಷ್ಟೇ. ಈಗ ಸುಲಭ ಆಗಿದೆ, ಆದರೆ ಅಭ್ಯಾಸ ವಾಪಸ್ ಬರಲಿಲ್ಲ.

ನಮ್ಮ ವಯಸ್ಸಿನವರಿಗೆ ಕನ್ನಡ ಫೋನ್‌ನಲ್ಲಿ ಹುಟ್ಟಿದಾಗಿನಿಂದ ಇದೆ ಅನಿಸುತ್ತೆ. ಇಲ್ಲ. ಆಂಡ್ರಾಯ್ಡ್‌ಗೆ ಕನ್ನಡ ಸರಿಯಾಗಿ ಬಂದದ್ದು 2012ರ ಜೆಲ್ಲಿಬೀನ್‌ನಲ್ಲಿ. ಅದಕ್ಕೆ ಮೊದಲಿನ ಎಷ್ಟೋ ಫೋನ್‌ಗಳಲ್ಲಿ ಕನ್ನಡ ಅಂದರೆ ಸಾಲಾಗಿ ಚೌಕ ಚೌಕ ಡಬ್ಬಿ. ಬಾಯಲ್ಲಿ ಹೇಳಿದರೆ ಬರೆದುಕೊಳ್ಳೋ ಗೂಗಲ್ ಸೌಲಭ್ಯ ಕನ್ನಡಕ್ಕೆ ಬಂದದ್ದು 2017ರಲ್ಲಿ. ಕೀಲಿಮಣೆ ಮುಟ್ಟದ ನಮ್ಮ ಅಜ್ಜಿಯರು ಈಗ ಯೂಟ್ಯೂಬ್‌ಗೆ ‘ಕೊಬ್ಬರಿ ರೇಟು’ ಅಂತ ಕೂಗಿ ಹೇಳಿ ವಿಡಿಯೋ ಹಾಕಿಸಿಕೊಳ್ತಾರೆ.

ಕೊನೆಗೆ ಒಂದು ಕೆಲಸದ ಮಾತು. ನಿಮ್ಮ ಮನೆಯಲ್ಲಿ, ಸೊಸೈಟಿಯಲ್ಲಿ, ಊರ ದೇವಸ್ಥಾನದ ಟ್ರಸ್ಟ್‌ನಲ್ಲಿ, ಶಾಲೆಯ ಕಂಪ್ಯೂಟರ್‌ನಲ್ಲಿ ಹಳೇ ಸಿಡಿ, ಪೆನ್‌ಡ್ರೈವ್ ಇದ್ದರೆ ಬಿಸಾಕಬೇಡಿ. ತೆರೆದಾಗ ಕಸದ ಥರ ಕಂಡರೆ ಅದು ಬಹುಶಃ ನುಡಿ ಅಥವಾ ಬರಹದ ಹಳೇ ಫಾಂಟ್. ಅದನ್ನ ಯುನಿಕೋಡ್‌ಗೆ ಬದಲಿಸೋ ಉಚಿತ ಪರಿವರ್ತಕಗಳು ಅಂತರ್ಜಾಲದಲ್ಲಿವೆ. ಆ ಪಠ್ಯ ಕಾಪಿ ಮಾಡಿ, ಅಂಟಿಸಿ, ಗುಂಡಿ ಒತ್ತಿದರೆ ಕನ್ನಡ ಎದ್ದು ಬರುತ್ತೆ. ಬಂದಮೇಲೆ ಅರ್ಕಾವೊತ್ತು ಇರೋ ಪದಗಳನ್ನೂ, ಒತ್ತಿನ ಮೇಲೆ ಒತ್ತು ಇರೋ ಪದಗಳನ್ನೂ ಒಮ್ಮೆ ಕಣ್ಣಾಡಿಸಿ, ಎಡವೋದು ಅಲ್ಲೇ. ಮೂಲ ಫೈಲ್ ಅಳಿಸಬೇಡಿ, ಪಕ್ಕದಲ್ಲೇ ಇಡಿ. ಹಾಗೇ ಈ ವಾರ ಮನೆಯ ಪಹಣಿ ತೆಗೆಸಿ ಕಾಲಂ 9 ನೋಡಿ, ಆಧಾರ್ ಪಕ್ಕದಲ್ಲಿಟ್ಟುಕೊಂಡು, ಅಕ್ಷರ ಅಕ್ಷರ. ವ್ಯತ್ಯಾಸ ಇದ್ದರೆ ತಿದ್ದುಪಡಿಗೆ ಅರ್ಜಿ ಹಾಕೋಕೆ ಮುಂದಿನ ಖರೀದಿ ಕೇಂದ್ರ ತೆರೆಯೋವರೆಗೆ ಕಾಯಬೇಡಿ.